ಕುಂಕುಮ ಹತ್ತಿದ ಉಳಿ

ಸುಂದರ ತನ್ನ ಜೇನುಪೆಟ್ಟಿಗೆಯ ಮುಚ್ಚಳ ತೆಗೆದ. ಗುಂಯ್‌ಗುಡುವ ಸದ್ದೇ ಇಲ್ಲ. ಮೇಣದ ಎರಿಯ ಪುಟ್ಟ ಕೋಣೆಗಳಲ್ಲಿ ಮರಿಗಳು ಸತ್ತಿದ್ದವು — ಒಂದೊಂದೂ ನೀರು ತುಂಬಿದ ಪುಟ್ಟ ಚೀಲದ ಹಾಗೆ. ದೊಡ್ಡ ಹುಳುಗಳು ಗೂಡು ಬಿಟ್ಟು ಹೋಗಿದ್ದವು.

1994ರ ದೀಪಾವಳಿ ಹತ್ತಿರವಿತ್ತು. ಪುಣೆಯಲ್ಲಿ ನೆಲೆಸಿದ ಧಾರವಾಡ, ಬೆಳಗಾವಿ ಕಡೆಯ ಕೆಲವರು ಕಟ್ಟಿಕೊಂಡ ಜೇನು ಮಂಡಳಿಗೆ ಸುಂದರನೇ ಕಾರ್ಯದರ್ಶಿ. ಸಂಜೆಯೊಳಗೆ ಉಳಿದವರ ಮನೆಗಳಿಂದಲೂ ಅದೇ ಸುದ್ದಿ ಬಂತು. ಹಡಪಸರ, ಕೋಥರೂಡ, ಖಡಕಿ — ಎಲ್ಲ ಕಡೆ ಗೂಡು ಖಾಲಿ. ಮಳೆಗಾಲದಲ್ಲಷ್ಟೇ ಮಂಡಳಿ ಸೇರಿದ್ದ ರೇಣು ಕುಲಕರ್ಣಿಯ ಪೆಟ್ಟಿಗೆಯೊಂದೇ ಬದುಕಿತ್ತು.

ಭಾನುವಾರ ಎಲ್ಲರೂ ಹಡಪಸರದಲ್ಲಿ, ಅಧ್ಯಕ್ಷ ಮುರುಗೆಪ್ಪನವರ ಮನೆಯಲ್ಲಿ ಸೇರಿದರು. ಮುರುಗೆಪ್ಪನವರ ಹುಳುಗಳೂ ಹೋಗಿದ್ದವು. ಅವರು ಮಾತಾಡದೆ ಕೂತಿದ್ದರು.

"ಯಾರೋ ಔಷಧ ಹೊಡದಿರಬೇಕು" ಎಂದರು ಒಬ್ಬರು.

"ಅಲ್ಲ" ಎಂದರು ರಘುರಾಮ. ದನದ ಡಾಕ್ಟರಾಗಿ ನಿವೃತ್ತರಾದವರು. ಅವರ ಪೆಟ್ಟಿಗೆಯೂ ಖಾಲಿಯಾಗಿತ್ತು. "ಔಷಧ ಹೊಡದಿದ್ರ ದೊಡ್ಡ ಹುಳಾ ಬಾಗಲದಾಗ ರಾಶಿ ಬಿದ್ದಿರ್ತಿದ್ವು. ಇದು ಮರಿರೋಗ. ಒಂದು ಗೂಡಿನಿಂದ ಇನ್ನೊಂದಕ್ಕ ಬರೋದು. ಊರ ತುಂಬ ಹೆಂಗ ಬಂತು, ಅದನ್ನ ಹುಡುಕಬೇಕು."

"ಹುಡುಕೋದೇನದ್ರಿ?" ಸುಂದರ ರೇಣುವಿನ ಕಡೆ ನೋಡಿದ. "ಮಳಿ ಬಿಡಲಿಲ್ಲ, ಹುಳಕ್ಕ ಹೂವಿಲ್ಲ ಅಂತ ಸಕ್ಕರಿ ಪಾಕ ಕಾಸಿ ಮನಿಮನಿಗೆ ಕೊಟ್ಟವ್ರು ಇವರು. ಎಲ್ಲಾರ ಹುಳಾ ಹೋದ್ವು. ಇವರ ಹುಳಾ ಮಾತ್ರ ಆರಾಮ ಅವ."

"ಅದೇ ಪಾಕ ನಮ್ಮ ಹುಳಕ್ಕೂ ಹಾಕೀನ್ರಿ."

"ನೋಡಿದವರು ಯಾರು?"

ನೋಡಿದವರು ಯಾರೂ ಇರಲಿಲ್ಲ.

"ಪೆಟಗಿ ಮಂಡಳಿದು. ವಾಪಸ್ ಕೊಟ್ಟುಬಿಡ್ರಿ" ಎಂದ ಸುಂದರ.

"ನನ್ನ ಹೆಸರು ತಗೀರಿ ಬೇಕಾದ್ರ" ಎಂದಳು ರೇಣು, ನಿಧಾನವಾಗಿ. "ಪೆಟಗಿ ಕೇಳಬ್ಯಾಡ್ರಿ. ಅದು ನಮ್ಮ ಅತ್ತೆಯವರು ಆಸೆಪಟ್ಟು ಮಂಡಳಿಯಿಂದ ತರಿಸಿದ್ದು. ಕಡೀಕ ಹಾಸಿಗಿ ಹಿಡದಾಗೂ ಕಿಟಕಿ ತಗಿ, ಹುಳದ ಸಪ್ಪಳ ಕೇಳತೀನಿ ಅಂತಿದ್ರು."

ಅತ್ತೆ ಇಂದೂಬಾಯಿ ನವರಾತ್ರಿಯಲ್ಲಿ ತೀರಿಕೊಂಡಿದ್ದರು. ಒಬ್ಬಿಬ್ಬರು ಕೆಮ್ಮಿದರು. ಮುರುಗೆಪ್ಪನವರು ನೆಲ ನೋಡಿದರು.

"ಒಂದು ವಾರ ತಡೀರಿ" ಎಂದರು ರಘುರಾಮ.

ಆ ವಾರ ಅವರು ಸಿಟಿ ಬಸ್ಸು ಹತ್ತಿ ಇಳಿದು ಒಬ್ಬೊಬ್ಬರ ಮನೆಗೂ ಹೋದರು. ಪೆಟ್ಟಿಗೆ ತೆಗೆಸಿದರು. ಎರಿ ಎತ್ತಿ ಬಿಸಿಲಿಗೆ ಹಿಡಿದರು. ಮೇಣ ಕೆರೆಯುವ, ಮುಚ್ಚಳ ಎಬ್ಬಿಸುವ ಉಳಿ ತರಿಸಿ ತಿರುವಿ ತಿರುವಿ ನೋಡಿದರು. ಕೊನೆಗೆ ಮುರುಗೆಪ್ಪನವರ ಹಿತ್ತಿಲಿಗೆ ಬಂದು, ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದು, ಚಹಾ ಕುಡಿದು ಎದ್ದುಹೋದರು.

ಮುಂದಿನ ಭಾನುವಾರ ಅದೇ ಹಿತ್ತಿಲಲ್ಲಿ ಎಲ್ಲರನ್ನೂ ಸೇರಿಸಿ ಉಳಿಗಳನ್ನು ಸಾಲಾಗಿ ಇಟ್ಟರು.

"ಹಿಡಿಕಿ ಸಂದು ನೋಡ್ರಿ. ಏನು ಕಾಣತದ?"

ಸುಂದರ ಬಗ್ಗಿದ. "ಕುಂಕುಮ."

"ಇದರಾಗ?" ರಘುರಾಮ ಒಂದು ಉಳಿ ಬೇರೆ ಮಾಡಿ ಎತ್ತಿದರು.

"ಇಲ್ಲ. ಯಾರದಿದು?"

"ರೇಣುಬಾಯಿದು. ಖಂಡೇನವಮಿಗೆ, ಆಯುಧಪೂಜಾ ಅಂತ, ನಾವೆಲ್ಲಾ ಉಳಿ ತಂದು ಇದೇ ಮನ್ಯಾಗ ಪೂಜಾ ಮಾಡಿದ್ವಿ. ಒಂದೇ ಬೋಗಾಣಿ ನೀರಾಗ ತೊಳದ್ವಿ, ಒಂದೇ ಅರಬಿಲೆ ಒರಸಿದ್ವಿ. ಮರುದಿನ ದಸರಾ. ಪೂಜಾ ಆದ ಉಳಿಲೇ ಪೆಟಗಿ ತಗೀಬೇಕಂತ ಎಲ್ಲಾರೂ ತಗದ್ವಿ. ಒಂದು ಉಳಿಗೆ ರೋಗ ಹತ್ತಿತ್ತು. ನಾವೇ ಕೈಯಾರ ಮನಿಗೆ ಒಯ್ದಿವಿ. ರೇಣುಬಾಯಿಗೆ ಸೂತಕ ಇತ್ತು. ಬರಲಿಲ್ಲ. ಅದಕ್ಕ ಅವರ ಹುಳಾ ಉಳದಾವ."

"ಆ ಒಂದು ಉಳಿ ಯಾರದು?" ಸುಂದರನ ದನಿ ಇಳಿದಿತ್ತು.

ರಘುರಾಮ ಕಿಟಕಿಯ ಕಡೆ ಕೈ ತೋರಿದರು. ಅಲ್ಲಿ ಪಾಕದ ಬಾಟಲಿಯಿತ್ತು. ಬಾಟಲಿಯ ಬಾಯಿಗೆ ರೇಣು ಕಟ್ಟಿಕೊಟ್ಟ ಬಟ್ಟೆ ಬಿಚ್ಚದೆ ಹಾಗೇ ಇತ್ತು.

"ದಸರಾ ಆದಮ್ಯಾಲ, ಸೂತಕ ಕಳಕೊಂಡು ಆಕಿ ಪಾಕ ಕೊಟ್ಟದ್ದು. ನಾವೆಲ್ಲಾ ಹುಳಕ್ಕ ಹಾಕಿದ್ವಿ. ಈ ಮನ್ಯಾಗ ಯಾಕ ಬಿಚ್ಚಲಿಲ್ಲ? ಮುರುಗೆಪ್ಪನವರ, ಅಷ್ಟೊತ್ತಿಗೆ ನಿಮ್ಮ ಪೆಟಗ್ಯಾಗ ತಿನ್ನಾಕ ಹುಳಾನ ಇರಲಿಲ್ಲ — ಹೌದಲ್ರಿ?"

ರಘುರಾಮ ಮುರುಗೆಪ್ಪನವರ ಪೆಟ್ಟಿಗೆಯಿಂದ ಒಂದು ಎರಿ ಎತ್ತಿ ಹಿಡಿದರು.

"ನಮ್ಮ ಎರಿ ಇನ್ನೂ ಗಟ್ಟಿ ಅವ. ನಿಮ್ಮವು, ಖಾಲಿ ಗೂಡಿಗೆ ಬೀಳೋ ಮೇಣದ ಹುಳಾ ತಿಂದು ಬಲಿಯಂಗ ಜಾಳಗಿ ಆಗ್ಯಾವ. ಇಷ್ಟು ಆಗಬೇಕಂದ್ರ ಪೆಟಗಿ ಭಾಳ ದಿನದಿಂದ ಖಾಲಿ ಇರಬೇಕು. ರೋಗ ಮೊದಲು ಬಂದದ್ದು ಇಲ್ಲಿಗೆ. ನೀವು ಹೇಳಲಿಲ್ಲ."

ಮುರುಗೆಪ್ಪನವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

"ರೋಗದ ಪೆಟಗಿ ಸುಡಬೇಕು ಅಂತ ಮಂಡಳ್ಯಾಗ ಕಾನೂನು ಮಾಡಿದಾಂವ ನಾನ" ಎಂದರು. "ಇದು ನಮ್ಮ ಮನಿಯಾಕಿ ಚನ್ನಬಸವ್ವನ ಪೆಟಗಿ ರೀ. ಹ್ವಾದ ವರ್ಷ ಆಕಿ ಹೋದ್ಲು. ಹುಳಾ ಇದ್ವು ಅಂತ ಮುಂಜಾನೆ ಏಳ್ತಿದ್ದೆ. ಮರಿ ಸಾಯಾಕ ಹತ್ತಿದಾಗ ಹೇಳಬೇಕಂದೆ, ಬಾಯಿ ಬರಲಿಲ್ಲ. ಉಳಿಲೆ ಹೋಗತೈತಿ ಅಂತ ಖರೇನ ಗೊತ್ತಿರಲಿಲ್ಲ."

"ಉಳಿ ಮಾತು ಬಿಡ್ರಿ" ಎಂದರು ರಘುರಾಮ. "ನಮಗೂ ಗೊತ್ತಿರಲಿಲ್ಲ. ಆದ್ರ ಹ್ವಾದ ಭಾನುವಾರ ಸುಂದರ ಈಕಿ ಪೆಟಗಿ ವಾಪಸ್ ಕೇಳಿದಾಗ, ರೋಗ ಮೊದಲು ನಿಮ್ಮಲ್ಲೇ ಬಂತಂತ ನಿಮಗ ಗೊತ್ತಿತ್ತು. ಸುಮ್ನ ಕೂತ್ರಿ."

ಮುರುಗೆಪ್ಪನವರು ರೇಣುವಿನ ಮುಖ ನೋಡಲು ಯತ್ನಿಸಿದರು. ಆಗಲಿಲ್ಲ. "ತಂಗೀ, ಆವತ್ತ ನಿಮ್ಮ ಅತ್ತೀ ಮಾತು ಬಂದಾಗ..." ಎಂದು ನಿಲ್ಲಿಸಿದರು. ಸುಂದರ ಅವಳ ಉಳಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

ಸುಡಬೇಕಾದ ಪೆಟ್ಟಿಗೆಗಳಲ್ಲಿ ಇದೇ ಮೊದಲನೆಯದು; ಕಬ್ಬಿನ ಒಣ ಎಲೆಯ ರವದಿ ತಂದು ಅದರ ಸುತ್ತ ಒಟ್ಟಿದರು. ಕಡ್ಡಿಪೆಟ್ಟಿಗೆ ಮುರುಗೆಪ್ಪನವರ ಕೈಯಲ್ಲಿತ್ತು. ಕಡ್ಡಿ ಗೀರಲಿಲ್ಲ. ಬಗ್ಗಿ, ಬೆರಳ ಗೆಣ್ಣಿನಿಂದ ಮುಚ್ಚಳದ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. ಹುಳು ಬೆದರದಿರಲೆಂದು ಪೆಟ್ಟಿಗೆ ತೆರೆಯುವ ಮೊದಲು ಚನ್ನಬಸವ್ವ ಹಾಗೆ ತಟ್ಟುತ್ತಿದ್ದಳು. ಆಗೆಲ್ಲ ಹುಳುಗಳು ಒಳಗಿಂದ ಒಮ್ಮೆ ಗುಂಯ್ ಎನ್ನುತ್ತಿದ್ದವು.

ಅವರು ಕಿವಿಗೊಟ್ಟು ಕಾದರು. ಎಲ್ಲರೂ ಕಾದರು. ಬಹಳ ಹೊತ್ತಿನ ಮೇಲೆ ರೇಣು ಹತ್ತಿರ ಬಂದು, ಅವರ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ತಾನೇ ಕಡ್ಡಿ ಗೀರಿದಳು.