ಬೆನ್ನು ಕತ್ತರಿಸಿದ ಪುಸ್ತಕಗಳು

ದೊಡ್ಡಮ್ಮ ನಲವತ್ತು ವರ್ಷ ಹುಡುಕಿ ಕೂಡಿಸಿದ್ದ ಹಳೆಯ ಕಥೆಪುಸ್ತಕಗಳನ್ನು, ಅವರು ತೀರಿಕೊಂಡ ತಿಂಗಳೊಳಗೆ ಅವರ ಮಗ ಹೋಟೆಲೊಂದಕ್ಕೆ ಮಾರಿದ. ಹೋಟೆಲಿನವರಿಗೆ ಬೇಕಾಗಿದ್ದದ್ದು ಚಿನ್ನದಕ್ಷರದ ಬೆನ್ನುಗಳು ಮಾತ್ರ, ಗೋಡೆಗೆ ಅಂಟಿಸುವುದಕ್ಕೆ. ಕತ್ತರಿಸಿಕೊಟ್ಟವಳು ನಾನೇ, ಬೈಂಡಿಂಗ್ ನನ್ನ ಕಸುಬು.

ಉಳಿದ ಹಾಳೆಗಳ ಕಟ್ಟುಗಳನ್ನು ರದ್ದಿಗೆಂದು ಅಂಗಡಿಯ ಮೂಲೆಯಲ್ಲಿ ಒಟ್ಟಿದ್ದೆ. ಮರುದಿನ ಮಧ್ಯಾಹ್ನ ಮೇಲಿನ ಕಟ್ಟಿನ ಮೊದಲ ಹಾಳೆಯ ತುದಿ ಒದ್ದೆಯಾಗಿತ್ತು. ಸೂರು ಸೋರಿರಲಿಲ್ಲ. ಅದರ ಮಾರನೆಯ ದಿನ ಎರಡನೆಯ ಹಾಳೆ, ಆಮೇಲೆ ಮೂರನೆಯದು. ಬೆರಳತುದಿಯಷ್ಟೇ ಅಗಲದ ಒದ್ದೆ, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ದೊಡ್ಡಮ್ಮ ನಾಲಿಗೆಗೆ ಬೆರಳು ತಾಗಿಸಿಯೇ ಹಾಳೆ ಮಗುಚುತ್ತಿದ್ದವರು, ಬಾಯಿಪಾಠವಾಗಿದ್ದ ಕಥೆಯನ್ನು ಹತ್ತನೆಯ ಸಲ ಓದುವಾಗಲೂ.

ಎಂಟನೆಯ ದಿನ ಅಣ್ಣ, ಅದೇ ದೊಡ್ಡಮ್ಮನ ಮಗ, ಕೊನೆಯ ಕಪಾಟಿನ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಸುರಿದ. ನಾನು ಒದ್ದೆ ತುದಿಗಳನ್ನು ತೋರಿಸಿದೆ.

"ಥಂಡಿ ಕಣೇ. ನಿನ್ನ ತಲೆಗೇ ಹುಳ ಹತ್ತಿದೆ."

"ಥಂಡಿ ದಿನಕ್ಕೊಂದೇ ಹಾಳೆ ಎಣಿಸ್ಕೊಂಡು ಬರತ್ತಾ?"

"ಓದೋರೇ ಹೋದ್ಮೇಲೆ ಪುಸ್ತಕ ಯಾರ ತಲೆಗೆ? ಸುಮ್ನೆ ಕತ್ತರಿಸು."

ಅವನ ಮಾತು ಮುಗಿಯುವ ಮೊದಲೇ ಮೂಲೆಯ ಕಟ್ಟಿನಲ್ಲಿ ಹಾಳೆಯೊಂದು ನಿಧಾನವಾಗಿ ಮಗುಚಿಕೊಂಡಿತು. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ಅವನೂ ನೋಡಿದ. ನೋಡಿಯೂ ಮುಖ ತಿರುಗಿಸಿ, ಚಾಕುವನ್ನು ನನ್ನತ್ತ ತಳ್ಳಿದ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು ನನಗೆ.

"ನಾನು ಕತ್ತರಿಸಲ್ಲ ಅಣ್ಣ. ನಿನ್ನಮ್ಮ ಇನ್ನೂ ಓದ್ತಾ ಇದಾರೆ."