ಏಳನೇ ಮನೆಯ ಸೆಕೆ

ಊಟವಾದ ಮೇಲೆ ಒಂದಿಷ್ಟು ಹೊತ್ತು ಕಣ್ಣು ಮುಚ್ಚದಿದ್ದರೆ ನನಗೆ ಯಾರ ಮುಖವೂ ಬೇಡವಾಗುತ್ತದೆ. ಬ್ಯಾಂಕಿನಲ್ಲಿದ್ದಾಗಲೂ ಅಷ್ಟೆ, ನಿವೃತ್ತನಾಗಿ ಶೆಟ್ಟಿಹಳ್ಳಿಯಲ್ಲಿ ಅಕ್ಕನ ಮನೆಯ ಮಹಡಿಗೆ ಬಂದು ಸೇರಿಕೊಂಡ ಮೇಲೂ ಅಷ್ಟೆ. ಇದು ಚೆನ್ನಾಗಿ ಗೊತ್ತಿದ್ದೂ ಅಕ್ಕ ಕೌಸಲ್ಯಮ್ಮ ತನ್ನ ಪತ್ತೇದಾರಿಕೆಗೆ ನನ್ನನ್ನು ಎಬ್ಬಿಸುವುದು ಸರಿಯಾಗಿ ಆ ಹೊತ್ತಿಗೇ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು. ಈಗ ತುಮಕೂರಿನ ಜನ ತಮ್ಮ ಬಿಡಿಸಲಾಗದ ತಲೆನೋವುಗಳನ್ನೆಲ್ಲ ತಂದು ಅವಳ ಮುಂದೆ ಇಳಿಸುತ್ತಾರೆ. ಕಾರು ಓಡಿಸುವ ಕೆಲಸ ನನ್ನದು, ಆಮೇಲೆ ಅದನ್ನೆಲ್ಲ ಬರೆದಿಡುವ ಕೆಲಸವೂ ನನ್ನದೇ.

ಏಪ್ರಿಲ್ ಕೊನೆಯ ಶನಿವಾರ. ದಿಂಬಿಗೆ ತಲೆ ಕೊಟ್ಟಿದ್ದೆ ಅಷ್ಟೆ, ಕೆಳಗಿನಿಂದ ಅಕ್ಕನ ಕೂಗು ಬಂತು. ಗೊಣಗುತ್ತ ಇಳಿದು ಬಂದರೆ ಹಜಾರದಲ್ಲಿ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪರ್ಣ ಎಂದು ಹೆಸರು. ಅಕ್ಕನ ಹಳೆಯ ವಿದ್ಯಾರ್ಥಿನಿ, ಈಗ ಇಂಜಿನಿಯರ್.

"ಯಾರೋ ನನ್ನ ಮನೆ ಹಾಳು ಮಾಡ್ತಿದಾರೆ ಮೇಡಂ" ಎಂದಳು. "ಹೇಗೆ ಅಂತಾನೇ ಗೊತ್ತಾಗ್ತಿಲ್ಲ."

ಗುಬ್ಬಿಯ ಹೊರಗೆ ಕೂಲಿನಾಲಿ ಮಾಡುವವರು ಸೇರಿ ಕಟ್ಟಿಕೊಂಡ ಒಂದು ಗೃಹನಿರ್ಮಾಣ ಸಂಘವಿತ್ತು. ಅದರ ಮೊದಲ ಎಂಟು ಮನೆಗಳು ಅಪರ್ಣ ನಕ್ಷೆ ಹಾಕಿ ಕಟ್ಟಿಸಿದವು. ನಡುವೆ ಪೊಳ್ಳು ಬಿಟ್ಟ ಇಟ್ಟಿಗೆ ಗೋಡೆ, ತಾರಸಿಯ ಮೇಲೆ ಬಿಳಿ ಹೆಂಚಿನ ಚೂರು. ಎರಡೆರಡು ಮನೆಗೆ ಒಂದರಂತೆ, ಮಧ್ಯದ ಗೋಡೆಯಲ್ಲಿ, ಹೊಗೆಗೂಡಿನ ಥರದ ಒಂದು ಗಾಳಿಗೂಡು. ಎರಡೂ ಮನೆಯ ಅಟ್ಟದಿಂದ ಅದಕ್ಕೆ ಕಿಂಡಿ. ಮನೆಯೊಳಗಿನ ಬಿಸಿಗಾಳಿ ಅದರಲ್ಲಿ ಏರಿ ಹೊರಗೆ ಹೋಗುತ್ತದೆ. ಬೇಸಗೆಯಲ್ಲೂ ಫ್ಯಾನು ಬೇಡ.

"ಒಂದೊಂದು ಮನೆಗೂ ಒಂದೊಂದು ಗೂಡು ಇಡೋಣ ಅಂತಿದ್ದೆ. ಖರ್ಚು ಜಾಸ್ತಿ ಅಂತ ಜಂಟಿ ಮಾಡಿದೆ. ಆದ್ರೂ ಮಾಮೂಲಿ ಮನೆಗಿಂತ ನಲವತ್ತು ಸಾವಿರ ಹೆಚ್ಚು ಬೀಳುತ್ತೆ. ಕರೆಂಟ್ ಬಿಲ್ಲಲ್ಲಿ ಕೆಲವೇ ವರ್ಷದಲ್ಲಿ ವಾಪಸ್ ಬರುತ್ತೆ ಅಂತ ಎಲ್ಲರನ್ನೂ ಒಪ್ಪಿಸಿದ್ದೆ."

ಅದನ್ನು ತೋರಿಸಿಕೊಡಲೆಂದೇ ಏಳನೇ ಮನೆಯನ್ನು ಖಾಲಿ ಬಿಟ್ಟು, ಒಳಗೆ ಥರ್ಮಾಮೀಟರ್ ಇಟ್ಟು ಬೀಗ ಹಾಕಿದ್ದರು. ಉಳಿದ ಮನೆಗಳಲ್ಲಿ ಒಲೆ, ದೀಪ, ಜನ. ಅಲ್ಲಿ ಅಳೆದರೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಈ ಏಳನೇ ಮನೆ ಹೋದ ವಾರದಿಂದ ಇದ್ದಕ್ಕಿದ್ದಂತೆ ಕಾದ ಕಾವಲಿಯಾಗಿತ್ತು. ಅಂದು ಸಂಜೆಯೇ ಸಂಘದ ಸಭೆ. ಮುಂದಿನ ನಲವತ್ತು ಮನೆ ಅಪರ್ಣಳ ನಕ್ಷೆಯಲ್ಲೋ, ಅಗ್ಗದ ಕಾಂಕ್ರೀಟು ಡಬ್ಬಗಳೋ ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು.

"ಮನೆ ತಣ್ಣಗಿರಲ್ಲ ಅಂತ ಆದ್ರೆ ನನ್ನ ಮೂರು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೇ ಮೇಡಂ."

"ಕೀಲಿಕೈ ಯಾರ ಹತ್ರ ಇದೆ?" ಎಂದಳು ಅಕ್ಕ.

"ನನ್ನ ಹತ್ರ, ಸೆಕ್ರೆಟರಿ ದಯಾನಂದ ಅವರ ಹತ್ರ, ಕಂಟ್ರಾಕ್ಟರ್ ಮೋಹನ್‌ಕುಮಾರ್ ಹತ್ರ."

"ರಘು, ಕಾರು ತೆಗಿ. ನಿದ್ದೆ ಅಲ್ಲೇ ಮಾಡುವಿಯಂತೆ."

ಗುಬ್ಬಿಯ ದಾರಿ ಬಿಸಿಲಿನಲ್ಲಿ ಕರಗಿ ಅಲುಗುತ್ತಿತ್ತು. ರಸ್ತೆಯ ಮೇಲೆ ದೂರದಲ್ಲಿ ನೀರಿದ್ದಂತೆ ಕಾಣುವುದು, ಹತ್ತಿರ ಹೋದರೆ ಇಲ್ಲ. ಹುಣಸೆಮರಗಳ ನೆರಳು ದಾಟಿದಾಗಲೆಲ್ಲ ನನ್ನ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಅಕ್ಕ ಪಕ್ಕದಲ್ಲಿ ಕೂತು ನನ್ನ ಮೊಣಕೈ ತಿವಿಯುತ್ತ ಬಂದಳು.

ದಯಾನಂದ ನಮಗಾಗಿ ಕಾಯುತ್ತಿದ್ದರು. "ನಂಗೇನ್ ದ್ವೇಷ ಇಲ್ಲ ಮೇಡಂ. ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಕೂಡಿಸಿರೋ ಜನ ಇವ್ರು. ಗಾಳಿಗೆ ನಲವತ್ ಸಾವ್ರ ಕೊಡಿ ಅಂದ್ರೆ ಎಲ್ಲಿಂದ ತರ್ತಾರೆ?"

ಕುಣಿಗಲ್‌ನವನಾದ ಮೋಹನ್‌ಕುಮಾರ್ ನಡುವಿಗೆ ಕೈಕೊಟ್ಟು ನಿಂತಿದ್ದ. "ಏನ್ ಹೇಳಿದ್ರೂ ಕಟ್ಟಿಕೊಡ್ತೀನಿ. ಆದ್ರೆ ಈ ಪೊಳ್ಳು ಗೋಡೆ ಕೆಲ್ಸ ಸಾಗಲ್ಲ ಅಂತ ಗಾರೆಯವ್ರು ಬೈತಾರೆ."

ಸಭೆಗೆಂದು ಬೇಗನೆ ಬಂದಿದ್ದ ಶಶಿಕಲಾ ಎಂಬ ಹೆಂಗಸು ಕಂಕುಳಲ್ಲಿ ಮಗುವಿಟ್ಟುಕೊಂಡು ಇವರ ಮಾತು ಕೇಳುತ್ತಿದ್ದಳು. ಮುಂದಿನ ನಲವತ್ತರಲ್ಲಿ ಅವಳದೂ ಒಂದು ಮನೆ. ಸದ್ಯಕ್ಕೆ ಶೀಟಿನ ಶೆಡ್ಡಿನಲ್ಲಿ ವಾಸ.

ಏಳನೇ ಮನೆಯ ಬಾಗಿಲು ತೆಗೆದಾಗ ಬೇಯಿಸುವಂಥ ಹಬೆ ಮುಖಕ್ಕೆ ಬಡಿಯಿತು. ನೆಲದ ತುಂಬ ಧೂಳು. ಅದರ ಮೇಲೆ ಥರ್ಮಾಮೀಟರಿನವರೆಗೆ ಹೋಗಿ ಬಂದ ಒಬ್ಬರದೇ ಚಪ್ಪಲಿ ಗುರುತು. ಅವು ನನ್ನವೇ ಎಂದಳು ಅಪರ್ಣ. ಕಿಂಡಿಯ ಜಾಲರಿ ಅಲುಗಿರಲಿಲ್ಲ. ಅಕ್ಕ ಚೀಲದಿಂದ ತನ್ನದೇ ಒಂದು ಥರ್ಮಾಮೀಟರ್ ತೆಗೆದು ಪಕ್ಕದಲ್ಲಿಟ್ಟಳು. ಎರಡೂ ಒಂದನ್ನೇ ತೋರಿಸಿದವು.

ಅಲ್ಲಿಂದ ನೀರು ಕೇಳುವ ನೆಪದಲ್ಲಿ ಎಂಟನೇ ಮನೆಗೆ ಹೋದೆವು. ಸಿ.ಎಸ್. ಪುರದಿಂದ ಬಂದು ನೆಲೆಸಿದ್ದ ಗಂಗಹನುಮಯ್ಯ, ಸಿದ್ದಲಕ್ಷ್ಮಮ್ಮ ದಂಪತಿಯ ಮನೆ ಅದು. ಸಿದ್ದಲಕ್ಷ್ಮಮ್ಮ ಹೊಸಿಲ ಬಳಿ ಮೊರದ ತುಂಬ ಸಬ್ಬಸಿಗೆ ಸೊಪ್ಪು ಸೋಸುತ್ತ ಕೂತಿದ್ದರು. ಹಿತ್ತಲಲ್ಲಿ ಆ ಉರಿಬಿಸಿಲಿನಲ್ಲೂ ಹಂಡೆಯೊಲೆ ಹೊಗೆಯಾಡುತ್ತಿತ್ತು. ನೀರು ತಂದುಕೊಟ್ಟರು, ಒಳಗೆ ಬನ್ನಿ ಎನ್ನಲಿಲ್ಲ.

"ಮನೆ ಹೇಗಿದೆ, ತಂಪಾಗಿದೆಯಾ?" ಅಕ್ಕ ಕೇಳಿದಳು.

"ತಂಪಾ? ಬಂದಾಗ್ನಿಂದ ಬರೀ ತಂಪೇ ಬುಡವ್ವ. ಅತಿಯಾಯ್ತು" ಎಂದರು, ದೂರು ಹೇಳುವವರ ಹಾಗೆ. ಅಪರ್ಣಳಿಗೆ ಅಷ್ಟಕ್ಕೇ ಕಣ್ಣು ತುಂಬಿತು.

"ಇವರೇನಾದ್ರೂ ಕಿಂಡಿ ಮುಟ್ಟಿರಬಹುದಾ?" ಎಂದು ನಾನು ಪಿಸುಗುಟ್ಟಿದೆ.

"ಮುಟ್ಟಲ್ಲ ಸಾರ್. ಕಿಂಡಿ ಮುಚ್ಚಿದ್ರೆ ಮನೆ ಸಂಘಕ್ಕೆ ವಾಪಸ್ ಅಂತ ಮೊದಲೇ ಮಾತಾಗಿದೆ. ದಯಾನಂದ ಅವರೇ ಹಾಕಿದ ಷರತ್ತು."

ಅಕ್ಕ ಒಂದು ಕಟ್ಟು ಊದುಬತ್ತಿ ಹಿಡಿದು ಅಪರ್ಣಳೊಂದಿಗೆ ತಾರಸಿ ಹತ್ತಿದಳು. ನನಗೆ ಮೆಟ್ಟಿಲು ನೋಡಿಯೇ ಸುಸ್ತಾಯಿತು. ಏಳನೇ ಮನೆಯೊಳಗೆ ಹೋಗಿ ಗೋಡೆಗೆ ಒರಗಿದೆ. ಸೆಕೆಯಾದರೇನು, ನಿದ್ದೆಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ.

ಗೂಳೂರಿನ ನಮ್ಮ ಹಳೆಯ ಮನೆ. ನಾನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ನಡುಮನೆ ದಾಟಿದರೆ ಒಂದು ಕತ್ತಲ ಕೋಣೆ, ಕದ ಓರೆಯಾಗಿದೆ. ಒಳಗೆ ಅಮ್ಮ ಕೂದಲು ಹರಡಿಕೊಂಡು ಕೂತಿದ್ದಾಳೆ. ಅವಳ ಸುತ್ತ ಬಿಳಿ ಹೊಗೆ ಮೆಲ್ಲಗೆ ಏಳುತ್ತಿದೆ, ಮುಖ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ನಾನೂ ಬರುತ್ತೇನೆ ಅನ್ನುತ್ತೇನೆ. ಬೇಡ ಮಗನೆ, ಆಮೇಲೆ ಅನ್ನುತ್ತಾಳೆ. ಎಲ್ಲೋ ಗೋಡೆಯ ಆಚೆ ಬೆಕ್ಕಿನ ಮರಿಯೊಂದು ಕೂಗುತ್ತಲೇ ಇದೆ.

ಅಕ್ಕ ಭುಜ ಅಲುಗಿಸಿದಾಗ ಎಚ್ಚರವಾಯಿತು. ಅಮ್ಮನನ್ನು ಕನಸಿನಲ್ಲಿ ಕಂಡು ಎಷ್ಟು ವರ್ಷವಾಗಿತ್ತೋ. ಅವಳನ್ನು ಅಲ್ಲೇ ಬಿಟ್ಟು ಬಂದುದಕ್ಕೆ ನಿಜವಾಗಿಯೂ ಸಂಕಟವಾಯಿತು, ಅಕ್ಕನ ಮೇಲೆ ಸಿಟ್ಟೂ ಬಂತು. ಕನಸನ್ನು ಅವಳಿಗೆ ಹೇಳಿದೆ.

ಅಕ್ಕ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಆ ಕೋಣೆ ನಂಗೂ ಜ್ಞಾಪಕ ಇದೆ ಕಣೋ" ಎಂದಳು. ಆಮೇಲೆ ತಲೆಯೆತ್ತಿ ಮೂಗರಳಿಸಿದಳು.

ಬಿಸಿಲು ಇಳಿದ ಮೇಲೆ ಮನೆಗಳ ಮುಂದಿನ ಬಯಲಿನಲ್ಲಿ ಚಾಪೆ ಹಾಸಿ ಸಭೆ ಸೇರಿತು. ದಯಾನಂದ ಏಳನೇ ಮನೆಯ ವಿಷಯ ಎತ್ತಿದ ಕೂಡಲೇ ಅಕ್ಕ ಎದ್ದು ನಿಂತಳು.

"ಬೀಗ, ಕೀಲಿಕೈ ಎಲ್ಲ ಮರೆತುಬಿಡಿ. ಒಳಗೆ ಯಾರೂ ಹೋಗಿಲ್ಲ, ಧೂಳಿನ ಮೇಲೆ ಅಪರ್ಣನ ಹೆಜ್ಜೆ ಬಿಟ್ಟು ಬೇರೆ ಇರ್ಲಿಲ್ಲ. ಥರ್ಮಾಮೀಟರ್ ಸುಳ್ಳು ಹೇಳ್ತಿಲ್ಲ, ನನ್ನದೂ ಅಷ್ಟೇ ತೋರಿಸ್ತು. ಅಂದ್ರೆ ಮನೆ ನಿಜವಾಗ್ಲೂ ಕಾದಿದೆ. ಸೆಕ್ರೆಟರಿಗಳಾಗಲಿ, ಕಂಟ್ರಾಕ್ಟರಾಗಲಿ ಏನೂ ಮಾಡಿಲ್ಲ."

ಮೋಹನ್‌ಕುಮಾರ್ ನಡುವಿನಿಂದ ಕೈ ತೆಗೆದ.

"ತಾರಸಿ ಮೇಲೆ ಒಂದೊಂದು ಗಾಳಿಗೂಡಿನ ಬಾಯಿಗೂ ಊದುಬತ್ತಿ ಹಿಡಿದೆ. ಬೇರೆ ಗೂಡುಗಳಲ್ಲಿ ಕೆಳಗಿನ ಗಾಳಿ ಹೊಗೇನ ಮೇಲಕ್ಕೆ ಎತ್ತಿಕೊಂಡು ಹೋಯ್ತು. ಏಳು, ಎಂಟನೇ ಮನೆಯ ಗೂಡಿನ ಮೇಲೆ ಮಾತ್ರ ಹೊಗೆ ಸುಮ್ಮನೆ ನಿಂತಿತ್ತು. ಗೂಡಿನ ಹೊಟ್ಟೇಲಿ ಏನೋ ಸಿಕ್ಕಿಕೊಂಡಿದೆ. ಅದು ಏಳನೇ ಮನೆ ಕಡೆಯಿಂದ ಹೋಗಿಲ್ಲ, ಆ ಜಾಲರಿ ಅಲುಗಿಲ್ಲ."

ಎಲ್ಲರ ತಲೆ ಎಂಟನೇ ಮನೆಯ ಕಡೆ ತಿರುಗಿತು.

"ಇವನು ನನ್ನ ತಮ್ಮ. ಎಲ್ಲಿ ಹೋದ್ರೂ ಮಲಗ್ತಾನೆ" ಎಂದಳು ಅಕ್ಕ. ಜನ ನಕ್ಕರು. "ಬೀಗ ಹಾಕಿದ್ದ ಖಾಲಿ ಮನೇಲಿ ಮಲಗಿ, ನಮ್ಮಮ್ಮ ಸಾಂಬ್ರಾಣಿ ಹೊಗೇಲಿ ತಲೆ ಒಣಗಿಸಿಕೊಳ್ತಾ ಇರೋ ಕನಸು ಕಂಡ. ನಮ್ಮ ತಂಗಿ ಹುಟ್ಟಿದಾಗಿನ ದೃಶ್ಯ ಅದು. ಅವನಿಗೆ ಆ ಕನಸು ತಂದುಕೊಟ್ಟಿದ್ದು ಆ ಮನೆಯೊಳಗಿನ ವಾಸನೆ, ನಾನೂ ಮೂಸಿ ನೋಡಿದೆ. ಪಕ್ಕದ ಮನೆಯ ಹೊಗೆ ಮೇಲೆ ಹೋಗೋಕೆ ದಾರಿಯಿಲ್ದೆ ಈ ಕಡೆ ಇಳಿದಿದೆ. ಅವನು ಕೇಳಿಸಿಕೊಂಡಿದ್ದು ಬೆಕ್ಕಿನ ಮರಿ ಕೂಗೂ ಅಲ್ಲ. ಉರಿಬಿಸಿಲಲ್ಲಿ ಹಂಡೆ ನೀರು ಕಾಯ್ತಿದೆ, ಮೊರದ ತುಂಬ ಸಬ್ಬಸಿಗೆ ಸೊಪ್ಪು, ಬಂದವರನ್ನ ಒಳಗೆ ಕರೆಯಲ್ಲ. ಇನ್ನೂ ಹೇಳಬೇಕಾ?"

ಚಾಪೆಯ ಮೇಲಿದ್ದ ಹೆಂಗಸರಿಗೆ ಮೊದಲು ಹೊಳೆಯಿತು. ಬಾಣಂತಿ ಎಂಬ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅಕ್ಕಪಕ್ಕದವರಿಗೆ ವಿಷಯ ಗೊತ್ತೇ ಇತ್ತು, ಅದನ್ನು ಏಳನೇ ಮನೆಯ ಸೆಕೆಗೆ ಜೋಡಿಸಲು ಯಾರಿಗೂ ತೋಚಿರಲಿಲ್ಲ.

ದಯಾನಂದ ಗಂಟಲು ಸರಿಮಾಡಿಕೊಂಡರು. "ಪಾಪ ಅನ್ಸುತ್ತೆ. ಆದ್ರೆ ಮಾತು ಮಾತೇ. ಕಿಂಡಿ ಮುಚ್ಚಿದ್ರೆ ಮನೆ ವಾಪಸ್ ಅಂತ ಎಲ್ರೂ ಒಪ್ಪಿದ್ದೀವಿ."

ಆಗ ಎಂಟನೇ ಮನೆಯ ಹೊಸಿಲ ಮೇಲೆ ಸಿದ್ದಲಕ್ಷ್ಮಮ್ಮ ಬಂದು ನಿಂತರು.

"ನಾನೇ ಕಣಪ್ಪ ಮುಚ್ಚಿದ್ದು. ನಮ್ಮೆಜಮಾನ್ರಿಗೂ ಹೇಳಿಲ್ಲ. ನಮ್ ಶಾಂತಲಾ ಹಸಿ ಬಾಣಂತಿ. ಊರೆಲ್ಲ ಬೆಂದೋಗ್ತಾ ಐತೆ, ಈ ಮನೇಲಿ ಬೆಳಗಿನ್ ಜಾವ ನನ್ ಮಗಳು ನಡುಗ್ತಾಳೆ. ಆ ಗೂಡಿಂದ ತಣ್ಣಗೆ ಗಾಳಿ ಇಳೀತದೆ. ಹಳೇ ಕಂಬ್ಳಿ ತುರುಕ್ದೆ, ಕೋಲ್ ತಗಂಡು ಮೇಲಕ್ ತಳ್ದೆ. ಪಕ್ಕದ್ ಮನೆಗೂ ತಟ್ತದೆ ಅಂತ ನಂಗೇನ್ ಗೊತ್ತು?" ಅವರು ದಯಾನಂದರತ್ತ ತಿರುಗಿದರು. "ಮನೆ ತಗಳಂಗಿದ್ರೆ ತಗಳಿ. ಬಾಣಂತನ ಒಂದ್ ಮುಗೀಲಿ. ಆದ್ರೆ ಈ ಮನೆ ತಣ್ಣಗಿರಲ್ಲ ಅಂತ ಮಾತ್ರ ಅನ್ಬೇಡಿ. ತಣ್ಣಗಿಲ್ದಿದ್ರೆ ನಾನ್ಯಾಕ್ ಕಂಬ್ಳಿ ತುರುಕ್ತಿದ್ದೆ?"

ಶಶಿಕಲಾ ಎದ್ದಳು. ಕಂಕುಳ ಮಗುವಿನ ಬೆನ್ನು ನಮ್ಮ ಕಡೆ ತಿರುಗಿಸಿದಳು. ಕತ್ತಿನಿಂದ ಸೊಂಟದವರೆಗೆ ಬೆವರುಸಾಲೆ.

"ಏಪ್ರಿಲ್‌ನಲ್ಲಿ ಚಳಿಯಂತೆ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ನಂಗೆ ಆ ಚಳಿ ಮನೇನೇ ಬೇಕು ಸಾರ್. ನಲವತ್ ಸಾವ್ರ ಜಾಸ್ತಿ ಆದ್ರೂ ದುಡಿದು ಕಟ್ತೀನಿ."

ಹೇಳುತ್ತಲೇ ಅವಳು ಒಂದು ಕೈ ಎತ್ತಿದಳು, ಇಳಿಸಲಿಲ್ಲ. ಪಕ್ಕದವಳು ಎತ್ತಿದಳು, ಹಿಂದಿನ ಸಾಲಿನವರು ಎತ್ತಿದರು. ದಯಾನಂದ ಎಲ್ಲರನ್ನೂ ಒಮ್ಮೆ ನೋಡಿ, ಕೊನೆಗೆ ತಾವೂ ಎತ್ತಿದರು. ಷರತ್ತಿನ ಮಾತು ಅಲ್ಲಿಗೇ ಬಿದ್ದುಹೋಯಿತು.

ಅಪರ್ಣ ಹಿಗ್ಗಬೇಕಿತ್ತು, ತಲೆ ತಗ್ಗಿಸಿ ಕೂತಿದ್ದಳು. "ಕಿಂಡಿಗೆ ಒಂದು ಬಾಗಿಲು ಇಡಬೇಕಿತ್ತು ಮೇಡಂ. ಬೇಕಾದಾಗ ಮುಚ್ಚೋಕೆ. ಸೆಕೆ ಲೆಕ್ಕ ಹಾಕಿದೆ, ಕರೆಂಟ್ ಲೆಕ್ಕ ಹಾಕಿದೆ. ಈ ಮನೇಲಿ ಹೆರಿಗೆ ಆಗುತ್ತೆ, ಬಾಣಂತಿ ಇರ್ತಾಳೆ ಅಂತ ನನ್ನ ತಲೆಗೇ ಬರ್ಲಿಲ್ಲ."

"ಹೋಗಿ ಅವರಿಗೇ ಹೇಳು" ಎಂದಳು ಅಕ್ಕ.

ಅಪರ್ಣ ಎದ್ದು ಎಂಟನೇ ಮನೆಯತ್ತ ನಡೆದಳು. ನಾವು ಹಿಂದೆಯೇ ಹೋಗಿ ಅಂಗಳದಲ್ಲಿ ನಿಂತೆವು. ಅವಳು ಹೊಸಿಲ ಬಳಿ ಚಪ್ಪಲಿ ಬಿಟ್ಟು, ಒಳಗೆ ಹೋಗಲೇ ಬೇಡವೇ ಎಂದು ಅನುಮಾನಿಸುತ್ತ ನಿಂತಳು. ಒಳಗಿನ ಮಬ್ಬಿನಲ್ಲಿ ಹೊಗೆ ತೇಲುತ್ತಿತ್ತು. ಮಗುವೊಂದು ಸಣ್ಣಗೆ ಕೊಸರಾಡಿ ಸುಮ್ಮನಾಯಿತು.

"ಬಾರವ್ವ ಒಳಕ್ಕೆ" ಎಂದರು ಸಿದ್ದಲಕ್ಷ್ಮಮ್ಮ. "ಬಾಗ್ಲು ಹಾಕ್ಕೊಂಡ್ ಬಾ, ಗಾಳಿ ಬರ್ತದೆ."

ಮೂರು ವರ್ಷ ಆ ಗಾಳಿಯ ಬೆನ್ನು ಹತ್ತಿದ್ದ ಹುಡುಗಿ ಒಳಗೆ ಹೋಗಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.