ಅಕ್ಕನ ಬಚ್ಚಲು

ಅಕ್ಕ ಸತ್ತು ವರ್ಷ ತುಂಬುವ ಮೊದಲೇ ಬಾವ ಪ್ರೇಮ್ ಕುಮಾರ್ ಇನ್ನೊಂದು ಮದುವೆಗೆ ಒಪ್ಪಿದ್ದನ್ನು ನಂಜುಂಡನ್ ಹೇಗೋ ನುಂಗಿಕೊಂಡಿದ್ದ. ಅಕ್ಕ ಗೋಕಿಲಾಳ ತಾಳಿ ಕರಗಿಸಿ ಹೊಸ ಹೆಣ್ಣಿಗೆ ತಾಳಿ ಮಾಡಿಸುತ್ತಾರೆ ಎಂದು ತಿಳಿದಾಗ ಮಾತ್ರ ಅವನಿಗೆ ತಡೆಯಲಾಗಲಿಲ್ಲ. ತಾಯಿಯಿಲ್ಲದ ಅವನಿಗೆ ತಲೆ ಬಾಚಿ, ಅನ್ನ ಕಲಸಿಕೊಟ್ಟು ಸಾಕಿದವಳು ಅವಳು. ಆ ತಾಳಿ ನನಗೆ ಕೊಡಿ ಎಂದು ನಾಚಿಕೆ ಬಿಟ್ಟು ಕೇಳಿದ.

“ಬಂಗಾರದ ಮ್ಯಾಲೆ ಹೆಸ್ರು ಬರ್ದದಾ ನಂಜುಂಡಾ? ಕರಗ್ಸಿದ್ರೆ ಎಲ್ಲಾ ಒಂದೇ,” ಅಂದ ಬಾವ, ಫೋನಿನಿಂದ ಕಣ್ಣೆತ್ತದೆ. “ಕಲ್ಯಾಣಕ್ ಮುಂಚೆ ಬಾತ್‌ರೂಮ್ ಸರಿ ಮಾಡ್ಕೊಡು. ಹೊಸಾ ಪೊಣ್ಣು ಬರೋ ಟೈಮ್ಗೆ ಬೇಸಿನ್ ಅಂಚಿನ ಆ ಕಪ್ಪು ಬೂಷ್ಟು ಇರಬಾರ್ದು.”

ತಿರುಪ್ಪೂರಿನ ಆ ಬೀದಿಗಳಲ್ಲಿ ಬಾತ್‌ರೂಮ್ ಕೆಲಸಕ್ಕೆ ನಂಜುಂಡನನ್ನೇ ಕರೆಯುತ್ತಿದ್ದರು. ಅಕ್ಕನ ಬಚ್ಚಲನ್ನು ಇನ್ನೊಬ್ಬಳಿಗಾಗಿ ಬೆಳಗಬೇಕು, ಅದೂ ತನ್ನ ಕೈಯಾರೆ! ಆದರೂ “ಸರಿ ಬಾವಾ” ಅಂದ. ಅಷ್ಟರಲ್ಲೇ ಅವನಿಗೆ ಉಪಾಯ ಹೊಳೆದಿತ್ತು.

ತಾಳಿ ಕಾಣೆಯಾದರೆ ಮೊದಲ ಅನುಮಾನ ತನ್ನ ಮೇಲೆಯೇ. ಬರಲಿ. ಕಳ್ಳರು ಸಿಕ್ಕಿಬೀಳುವುದು ಕದ್ದದ್ದನ್ನು ಸಾಗಿಸುವ ಅವಸರದಲ್ಲಿ. ಅವನು ಸಾಗಿಸುವುದೇ ಇಲ್ಲ. ಬೇಸಿನ್ ಕೂರಿಸಿದ ಗ್ರಾನೈಟ್ ಕಲ್ಲಿಗೂ ಗೋಡೆಗೂ ನಡುವೆ ಸಂದು ಬಿಟ್ಟಿತ್ತು. ತಾಳಿ ಅದರೊಳಗೆ, ಮೇಲೆ ಸಂದು ಮುಚ್ಚುವ ರಬ್ಬರಿನಂಥ ಅಂಟು, ಹೊಸ ಸೀಲೆಂಟ್. ಚೀಲ ಜಾಲಾಡಲಿ, ಜೇಬು ತಡಕಲಿ. ಮುಂದೆಂದಾದರೂ ಸೀಲೆಂಟ್ ಕಪ್ಪಾದಾಗ ತನ್ನನ್ನೇ ಕರೆಯುತ್ತಾರೆ. ಕರೆಯದಿದ್ದರೂ ಚಿಂತೆಯಿಲ್ಲ, ಇನ್ನೊಬ್ಬಳ ಕೊರಳಿಗೆ ಬೀಳದಿದ್ದರೆ ಸಾಕು.

ದಿನವನ್ನೂ ಯೋಚಿಸಿಯೇ ಆರಿಸಿದ. ತಿಂಗಳ ರಿಪೇರಿಗೆಂದು ಆ ಬೀದಿಯಲ್ಲಿ ಸಂಜೆಯವರೆಗೂ ಕರೆಂಟ್ ಇರುವುದಿಲ್ಲ. ಟಿವಿ ಇಲ್ಲದಿದ್ದರೆ ಬಾವನ ತಾಯಿ ಜಾನಕಿಯಮ್ಮ ಮಧ್ಯಾಹ್ನ ಮಲಗಿಬಿಡುತ್ತಾರೆ. ಗಂಡ ತೀರಿಕೊಂಡಾಗಿನಿಂದ ಆಕೆಗೆ ಟಿವಿಯೇ ಜೊತೆ.

ಬಾವ ಬನಿಯನ್ ಕಂಪನಿಗೆ ಹೋದ ಮೇಲೆ ಕೆಲಸ ಶುರುವಾಯಿತು. ಅರೆಬರೆ ಕೆಲಸದವರು ಹಳೆಯದರ ಮೇಲೇ ಹೊಸದನ್ನು ಬಳಿದು ಹೋಗುತ್ತಾರೆ, ಅದು ಬೇಗನೆ ಸುಲಿದು ಬರುತ್ತದೆ. ನಂಜುಂಡನ್ ಹಳೆಯ ಸೀಲೆಂಟನ್ನು ಬ್ಲೇಡಿನಿಂದ ಕೊಯ್ದು ತೆಗೆದ. ಅಂಟಿಕೊಂಡ ಚೂರುಗಳನ್ನು ಕೆರೆದ. ಬೂಷ್ಟನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ತೊಳೆದು, ಒಣಬಟ್ಟೆಯಿಂದ ತೇವ ಹೀರಿಸಿ, ಪೂರ್ತಿ ಒಣಗುವ ತನಕ ಕಾದ. ಆಮೇಲೆ ಸ್ಪಿರಿಟ್ ಅದ್ದಿದ ಬಟ್ಟೆ. ಎಣ್ಣೆ, ಸೋಪು, ದೂಳು ಯಾವುದರ ಕಲೆಯೂ ಉಳಿಯಬಾರದು. ಟೈಲಿನ ಮೇಲೆ ಅಕ್ಕ ಸ್ನಾನಕ್ಕೆ ಮುಂಚೆ ಅಂಟಿಸಿಟ್ಟಿದ್ದ ಹಣೆಬೊಟ್ಟೊಂದು ಹಾಗೆಯೇ ಇತ್ತು. ಅದನ್ನು ಎಲ್ಲಕ್ಕಿಂತ ಕೊನೆಗೆ ಕೆರೆದ.

ಜಾನಕಿಯಮ್ಮ ಮಲಗಿದರು. ತಾಳಿ ಇಟ್ಟಿದ್ದ ಬೀರುವಿನ ಕೀಲಿ ಅಕ್ಕ ಇಡುತ್ತಿದ್ದಲ್ಲೇ, ದೇವರ ಪಟದ ಹಿಂದೆ ಇತ್ತು. ತಾಳಿಯಿಂದ ಅವಳ ಹಳೆಯ ದಾರವನ್ನೂ ಯಾರೂ ಬಿಚ್ಚಿರಲಿಲ್ಲ. ಅದನ್ನು ಬೆವೆತ ಮುಷ್ಟಿಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಸದ್ದಿಲ್ಲದೆ ಅತ್ತ. ತಿರುಗಿ ಬಂದು ಸಂದಿನೊಳಗೆ ಇಳಿಬಿಟ್ಟ. ಅಂಚಿಗೆ ಟೇಪ್ ಹಾಕಿ ಬಿಳಿ ಸೀಲೆಂಟ್ ಎಳೆದ. ತೋರುಬೆರಳನ್ನು ನೀರಿಗೆ ಅದ್ದಿ ಈ ತುದಿಯಿಂದ ಆ ತುದಿಗೆ ನಯ ಮಾಡಿದ. ಟೇಪ್ ಕಿತ್ತಾಗ ಕಿಟಕಿಯ ಮಬ್ಬು ಬೆಳಕಿನಲ್ಲಿ ಅಂಚು ನೇರವಾಗಿ ಕಂಡಿತು.

ಸಂಜೆ ಬಾವ ತಾಳಿ ಕರಗಿಸುವ ಆಚಾರಿಯನ್ನು ಕರೆದುಕೊಂಡೇ ಬಂದ. ಬೀರು ತೆಗೆದರೆ ತಾಳಿ ಇಲ್ಲ. ಆಮೇಲೆ ನಂಜುಂಡನ ಚೀಲವನ್ನು ನೆಲಕ್ಕೆ ಸುರಿದ, ಜೇಬು ತಡಕಿದ, ಬೈಕಿನ ಸೀಟನ್ನೂ ಎತ್ತಿ ನೋಡಿದ. ಏನೂ ಸಿಗಲಿಲ್ಲ.

“ತಪ್ಪ್ ತಿಳ್ಕೋಬ್ಯಾಡ ಕಣಪ್ಪಾ,” ಎಂದು ಜಾನಕಿಯಮ್ಮ ಕಣ್ಣೀರು ಹಾಕಿದರು.

“ಇರ್ಲಿ ಬುಡಿ ಅತ್ತೆ,” ಅಂದ ನಂಜುಂಡನ್. ಮುದುಕಿಯನ್ನು ಕಂಡು ಅವನಿಗೆ ಸಂಕಟವಾಯಿತು.

ಆಕೆ ಮುಖ ತೊಳೆಯಲು ಬಚ್ಚಲಿಗೆ ಹೋದರು. ಕರೆಂಟ್ ಬಂತು. “ನಂಜುಂಡಾ, ಇಲ್ಲಿ ಬಾ,” ಎಂಬ ತಗ್ಗಿದ ದನಿ ಕೇಳಿತು. ಬಿಳಿ ಸೀಲೆಂಟಿನ ಉದ್ದಕ್ಕೂ ಅವನ ಬೆರಳು ಹರಿದಷ್ಟು ಅಗಲಕ್ಕೆ ಹಳದಿ ಕೂತಿತ್ತು. ಶುಕ್ರವಾರ ತಪ್ಪಿಸದೆ ಅಕ್ಕ ತಾಳಿಯ ದಾರಕ್ಕೆ ತೇಯ್ದು ಹಚ್ಚುತ್ತಿದ್ದ ಅರಿಸಿನ. ಕಲ್ಲು ಒರೆಸಿದ್ದ, ಟೈಲು ಒರೆಸಿದ್ದ, ತಾಳಿ ಹಿಡಿದ ತನ್ನ ಬೆರಳನ್ನು ಮಾತ್ರ ಒರೆಸಿಕೊಂಡಿರಲಿಲ್ಲ. ಜಾನಕಿಯಮ್ಮ ಅದನ್ನು ಮುಟ್ಟಿ ಮೂಸಿ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಮಗನನ್ನೂ ನಂಜುಂಡನನ್ನೂ ನೋಡಿದರು. “ಗೋಕಿಲಾ ಹೋದ್ಮ್ಯಾಲೆ ಈ ಬಚ್ಚಲಲ್ಲಿ ಅರಿಸ್ಣ ಹಚ್ಕೊಳ್ಳೋರು ಯಾರಪ್ಪಾ ಇದಾರೆ?”